ಹಳ್ಳಿ ಬ್ಯಾಪ್ಟಿಸ್ಟ್ ಸಭೆಯ ಹಳೇ ಪಾಸ್ಟರ್‌ಗಳ ಲಿಸ್ಟ್ ಎಲ್ಲಿ ಸಿಗುತ್ತೆ? (ಬಂಗಾರಪೇಟೆ ಕಡೆ)

ಬಂಗಾರಪೇಟೆ_ಪಕ್ಕದೂರು:

ಎಲ್ರಿಗೂ ನಮಸ್ಕಾರ. ನಮ್ದು ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗೋ ರೋಡಿಂದ ಒಳಗಿರೋ ಒಂದು ಸಣ್ಣ ಹಳ್ಳಿ, ಅಲ್ಲೊಂದು ಬ್ಯಾಪ್ಟಿಸ್ಟ್ ಸಭೆ ಇದೆ, ಮೊದ್ಲು ಹೆಂಚಿನ ಮನೆ ಥರ ಇತ್ತು ಈಗ ಮೋಲ್ಡಿಂಗ್ ಹಾಕಿದಾರೆ. ಈ ಸಲ ವಾರ್ಷಿಕೋತ್ಸವಕ್ಕೆ ಸಭೆ ಚರಿತ್ರೆದು ಒಂದು ಸಣ್ಣ ಪುಸ್ತಕ ಮಾಡ್ಬೇಕು, ಜೊತೆಗೆ ಶುರುವಿಂದ ಇಲ್ಲೀವರೆಗೂ ಯಾರ್ಯಾರು ಪಾಸ್ಟರ್ ಆಗಿದ್ರು ಅಂತ ಗೋಡೆಗೆ ಬೋರ್ಡೂ ಹಾಕಿಸ್ಬೇಕು ಅಂತ ಹಿರಿಯರು ತೀರ್ಮಾನ ಮಾಡಿ ಕೆಲಸ ನನ್ನ ತಲೆಗೆ ಕಟ್ಟಿದಾರೆ, ಊರಲ್ಲಿ ಕಂಪ್ಯೂಟರ್ ಗೊತ್ತಿರೋನು ನಾನು ಅನ್ನೋ ಒಂದೇ ಕಾರಣಕ್ಕೆ.

ಕೇಳಿದ ಒಬ್ಬೊಬ್ರೂ ಒಂದೊಂದು ಹೇಳ್ತಾರೆ. ಮೊದಲನೇ ಅಯ್ಯನೋರು ಗಣಿ ಲೈನಿಂದ (ಕೂಲಿಯೋರ ಸಾಲುಮನೆ) ಸೈಕಲ್ಲಲ್ಲಿ ಬರ್ತಿದ್ರು, ತೆಲುಗಲ್ಲೇ ಪ್ರಸಂಗ ಮಾಡ್ತಿದ್ರು ಅಂತ ಒಬ್ರು. ಅದಕ್ಕೂ ಮುಂಚೆ ಮೆಥಡಿಸ್ಟ್‌ನೋರ ಸ್ಕೂಲಿತ್ತು, ಸಭೆ ಹುಟ್ಟಿದ್ದು ಅದ್ರಿಂದ ಅಂತ ಇನ್ನೊಬ್ರು. ಬಾಗಿಲ ಪಕ್ಕ ಒಂದು ಕಲ್ಲಿದೆ ಆದ್ರೆ ಪ್ರತಿ ಕ್ರಿಸ್ಮಸ್‌ಗೂ ಅದ್ರ ಮೇಲೇ ಪೇಂಟ್ ಹೊಡೆದೂ ಹೊಡೆದೂ ಅಕ್ಷರ ಮುಚ್ಚೋಗಿದೆ. ಮಧ್ಯದಲ್ಲಿದ್ದ ಒಬ್ಬ ಪಾಸ್ಟರ್ ಹೋಗುವಾಗ ರಿಜಿಸ್ಟರ್ ಕೂಡ ಎತ್ಕೊಂಡು ಹೋದ್ರಂತೆ. ಕೋಲಾರದಲ್ಲಿ ಒಂದು ಚರ್ಚ್ ಆಫೀಸಲ್ಲಿ ಕೇಳಿದೆ, ನಿಮ್ದು ನಮ್ಮ ಕೆಳಗೆ ಬರಲ್ಲಪ್ಪ ಅಂದ್ರು. ಹಂಗಾದ್ರೆ ನಮ್ದು ಯಾರ ಕೆಳಗೆ ಬರುತ್ತೆ, ಈ ಲಿಸ್ಟ್ ಯಾರ ಹತ್ರ ಇರುತ್ತೆ? ಗೊತ್ತಿದ್ದೋರು ಹೇಳಿ.

ಗುಬ್ಬಿ_ಕಡೆಯವ:

ಯಾರ ಕೆಳಗೂ ಬರಲ್ಲ, ಅದೇ ನಿಮ್ಮ ಕಷ್ಟ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಥವಾ ಮೆಥಡಿಸ್ಟ್ ಆದ್ರೆ ಬಿಷಪ್ಪು ಪಾಸ್ಟರನ್ನ ಕಳಿಸ್ತಾರೆ, ಟ್ರಾನ್ಸ್‌ಫರ್ ಮಾಡ್ತಾರೆ. ಮೆಥಡಿಸ್ಟ್‌ನೋರಲ್ಲಂತೂ ವರ್ಷ ವರ್ಷ ಕಾನ್ಫರೆನ್ಸ್ ನಡಾವಳಿ ಅಂತ ಪುಸ್ತಕ ಅಚ್ಚಾಗುತ್ತೆ, ಯಾವ ಊರಿಗೆ ಯಾರು ಅಂತ ಅದ್ರಲ್ಲೇ ಇರುತ್ತೆ, ಹಳೇ ಪುಸ್ತಕ ಜೋಡಿಸಿದ್ರೆ ನೂರು ವರ್ಷದ ಲಿಸ್ಟ್ ತಾನಾಗೇ ಬರುತ್ತೆ. ಬ್ಯಾಪ್ಟಿಸ್ಟ್‌ನೋರಲ್ಲಿ ಸಭೆಯೇ ಕೂತು ಮಾತಾಡಿ ಪಾಸ್ಟರನ್ನ ಕರೆಸ್ಕೊಳ್ಳುತ್ತೆ, ಇಷ್ಟ ಇಲ್ಲಾಂದ್ರೆ ಬಿಡುತ್ತೆ. ದಾಖಲೆ ಏನಿದ್ರೂ ಸಭೆ ಮಿನಿಟ್ಸ್ ಬುಕ್ಕಲ್ಲಿ, ಅದು ಹೋದ್ರೆ ಹೋಯ್ತು.

ಇನ್ನೊಂದು, ನಮ್ಮ ಮೂರು ಜಿಲ್ಲೇಲಿ ಹಳೇ ಬ್ಯಾಪ್ಟಿಸ್ಟ್ ಸಭೆ ಸಿಗೋದೇ ಅಪರೂಪ. ಮಿಷನ್‌ನೋರು ಏರಿಯಾ ಹಂಚ್ಕೊಂಡು ಕೂತಿದ್ರು, ಒಬ್ಬರ ಏರಿಯಾಗೆ ಇನ್ನೊಬ್ರು ಹೋಗೋ ಹಂಗಿರಲಿಲ್ಲ. ತುಮಕೂರು ಕಡೆ ವೆಸ್ಲಿಯನ್‌ನೋರು (ಇಂಗ್ಲೆಂಡಿನ ಮೆಥಡಿಸ್ಟ್‌ನೋರು), ನಮ್ಮ ಗುಬ್ಬಿಗೆ 1837ರಲ್ಲೇ ಥಾಮಸ್ ಹಾಡ್ಸನ್ ಬಂದು ಮಿಷನ್ ಸ್ಟೇಷನ್ ಶುರು ಮಾಡಿದ್ರು. ಚಿಕ್ಕಬಳ್ಳಾಪುರ ಲಂಡನ್ ಮಿಷನ್‌ಗೆ, ಈಗಿನ ಸಿಎಸ್‌ಐ ಆಸ್ಪತ್ರೆ ಅವ್ರ ಕಾಲದ್ದೇ. ಕೋಲಾರ ಅಮೆರಿಕನ್ ಮೆಥಡಿಸ್ಟ್‌ನೋರಿಗೆ, ಇಟಿಸಿಎಂ ಆಸ್ಪತ್ರೆ ನೋಡಿರ್ತೀರಲ್ಲ ಅದು. 1947ರಲ್ಲಿ ಸಿಎಸ್‌ಐ ಆದಾಗ ವೆಸ್ಲಿಯನ್‌ನೋರು ಲಂಡನ್ ಮಿಷನ್‌ನೋರು ಸೇರಿದ್ರು, ಅಮೆರಿಕನ್ ಮೆಥಡಿಸ್ಟ್‌ನೋರು ಸೇರಲಿಲ್ಲ, ಬ್ಯಾಪ್ಟಿಸ್ಟ್‌ನೋರೂ ಸೇರಲಿಲ್ಲ. ಈ ಹಂಚಿಕೇಲಿ ಬ್ಯಾಪ್ಟಿಸ್ಟ್‌ನೋರಿಗೆ ಇಲ್ಲಿ ಜಾಗವೇ ಇರಲಿಲ್ಲ.

ತಮಾಷೆ ಏನಂದ್ರೆ ಕನ್ನಡಕ್ಕೆ ಮೊದಮೊದಲು ಅಚ್ಚಿನ ಕೆಲಸ ಮಾಡ್ದೋರಲ್ಲಿ ಬ್ಯಾಪ್ಟಿಸ್ಟ್‌ನೋರೂ ಇದಾರೆ. ವಿಲಿಯಂ ಕೇರಿ ಬಂಗಾಳದ ಸೆರಾಂಪೊರದಲ್ಲಿ ಕೂತು 1817ರಲ್ಲಿ ಕನ್ನಡ ವ್ಯಾಕರಣ ಪ್ರಿಂಟ್ ಮಾಡಿಸಿದ್ರು, ಆಮೇಲೆ ಕನ್ನಡ ಹೊಸ ಒಡಂಬಡಿಕೆ. ಪುಸ್ತಕ ಬಂತು, ಸಭೆ ಬರಲಿಲ್ಲ. ಹಂಗಾಗಿ ನಿಮ್ಮೂರಿಗೆ ಬ್ಯಾಪ್ಟಿಸ್ಟ್ ಸಭೆ ಬಂದಿದ್ರೆ ಅದು ಗಣಿ ಕಡೆಯಿಂದಾನೇ ಬಂದಿರ್ಬೇಕು, ಸೈಕಲ್ ಅಯ್ಯನೋರ ಕಥೆ ನಂಗೆ ನಿಜ ಅನ್ಸುತ್ತೆ.

ಮಾರಿಕುಪ್ಪಂ_ಲೈನ್:

ಗುಬ್ಬಿಯವ್ರು ಹೇಳಿದ್ದು ಸರಿ, ಗಣಿ ಕಡೆಯಿಂದಾನೇ. ನಮ್ಮಜ್ಜ ಗಣೀಲಿದ್ರು, ನಾವೂ ತೆಲುಗು ಬ್ಯಾಪ್ಟಿಸ್ಟೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಆಚೆ ಕಡೆಯಿಂದ ತಮಿಳ್ರು ತೆಲುಗ್ರು ಕೂಲಿಗೆ ಬಂದ್ರಲ್ಲ, ಅವ್ರ ಜೊತೇಲೇ ಅವ್ರವ್ರ ಸಭೆಗಳೂ ಬಂದ್ವು. ಇದಕ್ಕೆ ಬಿಳಿ ಮಿಷನರಿ ದೊರೆ ಬೇಕಾಗಿರಲಿಲ್ಲ, ಲೈನ್ ಮನೇಲಿ ನಾಲ್ಕು ಜನ ಕೂತು ಕೀರ್ತನೆ ಹಾಡಿದ್ರೆ ಅದೇ ಸಭೆ.

ತೆಲುಗು ಬ್ಯಾಪ್ಟಿಸ್ಟ್ ಅಂದ್ರೆ ಮೂಲ ನೆಲ್ಲೂರು ಒಂಗೋಲು. ಅಮೆರಿಕನ್ ಬ್ಯಾಪ್ಟಿಸ್ಟ್‌ನೋರು ನೆಲ್ಲೂರಲ್ಲಿ ವರ್ಷಾನುಗಟ್ಲೆ ಕೂತಿದ್ರೂ ಸೇರಿದ್ದು ಬೆರಳೆಣಿಕೆ ಜನ, ಮಿಷನ್ ಮುಚ್ಚೋ ಮಾತೂ ಬಂದಿತ್ತು. ಆಮೇಲೆ ಧಾತು ಈಶ್ವರ ಬರ ಬಂತು, 1876ರಿಂದ 78. ಒಂಗೋಲಲ್ಲಿ ಜಾನ್ ಕ್ಲೌ ಅಂತ ಒಬ್ರು ಬಕಿಂಗ್‌ಹ್ಯಾಮ್ ಕಾಲುವೆ ತೋಡೋ ಕಾಂಟ್ರಾಕ್ಟ್ ತಾವೇ ತಗೊಂಡು ಬರಗಾಲದ ಜನಕ್ಕೆ ಕೂಲಿ ಕೊಟ್ರು. ಕೂಲಿ ನಡೀತಿರೋವಾಗ ಮಾತ್ರ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ, ಗಂಜಿಗೋಸ್ಕರ ಬಂದ್ರು ಅಂತ ನಾಳೆ ಯಾರೂ ಅನ್ಬಾರ್ದು ಅಂತ. ಬರ ಇಳಿದ್ಮೇಲೆ 1878ರ ಜುಲೈ 3ನೇ ತಾರೀಕು ಒಂದೇ ದಿನ 2222 ಜನಕ್ಕೆ ಗುಂಡ್ಲಕಮ್ಮ ಹೊಳೇಲಿ ಮುಳುಗಿಸಿ ಕೊಟ್ರು. ನಮ್ಮ ಮನೆ ಕಥೆ ಅಲ್ಲಿಂದಾನೇ ಶುರು ಅಂತ ನಮ್ಮಜ್ಜಿ ಹೇಳ್ತಿದ್ರು, ಇದ್ದೋರೆಲ್ಲಾ ಹಂಗೇ ಹೇಳ್ತಾರೆ ಬಿಡಿ, ಆ 2222ರಲ್ಲಿ ಎಷ್ಟು ಜನರ ಅಜ್ಜಂದಿರು ಹಿಡೀತಾರೋ!

ಕೆಲಸಕ್ಕೆ ಬರೋ ವಿಷಯ ಹೇಳ್ತೀನಿ. ಆ ಕಾಲದ ಹಳ್ಳಿ ಪಾಸ್ಟರ್‌ಗಳು ಸುಮಾರು ಜನ ಪೂರ್ತಿ ಪಾಸ್ಟರ್ ಅಲ್ಲ, ಶಿಫ್ಟ್ ಮುಗ್ಸಿ ಭಾನುವಾರ ಹಳ್ಳಿಗೆ ಹೋಗಿ ಬರೋರು. ಅವ್ರ ಹೆಸರು ನಿಮ್ಮೂರಲ್ಲಿ ಸಿಗ್ದಿದ್ರೂ ಇಲ್ಲಿ ಕೆಜಿಎಫ್ ತಾಯಿಸಭೆ ಮಿನಿಟ್ಸಲ್ಲಿ ಸಿಗ್ಬಹುದು, "ಇಂಥ ಹಳ್ಳಿಗೆ ಇಂಥವರನ್ನು ಕಳಿಸುವುದು" ಅಂತ ಒಂದು ಸಾಲು. ತೆಲುಗಲ್ಲಿರುತ್ತೆ, ಓದೋರನ್ನ ಕರ್ಕೊಂಡು ಬನ್ನಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಸುಮಾರು ಮನೆಗಳು ಬೆಂಗಳೂರಿಗೆ ಹೋದ್ವು, ಸೆಕ್ರೆಟರಿಗಳ ಮನೇಲಿದ್ದ ಪುಸ್ತಕಗಳೂ ಅವ್ರ ಜೊತೆ ಟ್ರಂಕಲ್ಲಿ ಹೋದ್ವು. ಆ ಮನೆಗಳನ್ನ ಮೊದ್ಲು ಹಿಡೀರಿ. ಅಮೆರಿಕದಲ್ಲಿ ಅಟ್ಲಾಂಟಾದಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಹಿಸ್ಟಾರಿಕಲ್ ಸೊಸೈಟಿ ಇದೆ, ಮಿಷನರಿಗಳ ಕಾಗದ ಇರೋದು ಅಲ್ಲಿ, ಆದ್ರೆ ನಿಮ್ಮ ಹಳ್ಳಿ ಹೆಸರು ಅಲ್ಲಿ ಹುಡುಕೋದು ಕಡೇಗೆ ಮಾಡಿ.

ಚಿಂತಾಮಣಿ_ಟೀಚರ್:

ಲಿಸ್ಟ್ ಮಾಡಿ ಬೇಡ ಅನ್ನಲ್ಲ, ಆದ್ರೆ ಬರೀ ಪಾಸ್ಟರ್‌ಗಳ ಬೋರ್ಡ್ ಹಾಕ್ಸಿದ್ರೆ ಅರ್ಧ ಸುಳ್ಳು ಬರ್ದಂಗೆ. ವಾರಕ್ಕೊಂದ್ಸಲ ಬರೋ ಪಾಸ್ಟರಿಗಿಂತ ಊರಲ್ಲೇ ಇದ್ದ ಉಪದೇಶಿ, ಮನೆಮನೆಗೂ ಹೋಗಿ ಹೆಂಗಸ್ರಿಗೆ ಅಕ್ಷರ ಕಲಿಸ್ತಿದ್ದ ಬೈಬಲ್ ವುಮನ್ ಇವ್ರೇ ಸಭೆ ಉಳಿಸಿದ್ದು. ಕಾಣಿಕೆ ಪಟ್ಟಿ ಅಂದ್ರೆ ಪಾಸ್ಟರ್ ಸಂಬಳ ಅಂತ ತಿಳ್ಕೊಂಡಿದೀವಿ, ಆ ತಾಯಂದಿರಿಗೆ ಎಷ್ಟೋ ಕಡೆ ಸುಗ್ಗೀಲಿ ಒಂದ್ಮೊರ ರಾಗಿ ಅಷ್ಟೇ. ಅವ್ರ ಹೆಸರು ಯಾವ ಮಿನಿಟ್ಸಲ್ಲೂ ಸಿಗಲ್ಲ, ಕೇಳಿ ಬರ್ಕೋಬೇಕು, ಈಗಲೇ.

ಮೆಥಡಿಸ್ಟ್ ಸ್ಕೂಲಿನ ವಿಷಯ ಸುಮ್ನೆ ತಳ್ಳಿಹಾಕ್ಬೇಡಿ. ಅದೇ ಬರಗಾಲದಲ್ಲಿ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಅಂತ ಇಂಗ್ಲಿಷ್ ಹೆಂಗಸು ತಬ್ಬಲಿ ಮಕ್ಕಳನ್ನ ಸೇರಿಸ್ಕೊಂಡು ಅನಾಥಾಲಯ ನಡೆಸಿದ್ರು, ಆಮೇಲೆ 1890ರಲ್ಲಿ ಅದನ್ನ ಅಮೆರಿಕನ್ ಮೆಥಡಿಸ್ಟ್‌ನೋರ ಕೈಗೆ ಕೊಟ್ಟು ಹೋದ್ರು. ಅಲ್ಲಿ ಬೆಳೆದ ಮಕ್ಕಳು ದೊಡ್ಡೋರಾದ್ಮೇಲೆ ಹಳ್ಳಿಗಳಿಗೆ ಮೇಷ್ಟ್ರಾಗಿ ಉಪದೇಶಿ ಆಗಿ ಹೋದ್ರು. ನಿಮ್ಮೂರಿಗೂ ಒಬ್ರು ಬಂದಿರ್ಬಹುದು, ಆಮೇಲೆ ಗಣಿಯೋರು ಬಂದಾಗ ಜನ ಆ ಕಡೆ ವಾಲಿರ್ಬಹುದು. ಇಬ್ರು ಹೇಳೋದೂ ನಿಜ ಆಗ್ಬಹುದಲ್ವಾ?

ತಾರೀಕು ಹಿಡಿಯೋಕೆ ಒಂದು ದಾರಿ ಹೇಳ್ತೀನಿ. ಬ್ಯಾಪ್ಟಿಸ್ಟ್‌ನೋರು ಮಕ್ಕಳ ಹಣೆಗೆ ನೀರು ಚಿಮುಕಿಸಲ್ಲ, ದೊಡ್ಡೋರನ್ನ ಪೂರ್ತಿ ಮುಳುಗಿಸ್ತಾರೆ, ಅದಕ್ಕೆ ಕೆರೇಲಿ ನೀರಿರ್ಬೇಕು. ನಮ್ಮ ಬಯಲುಸೀಮೇಲಿ ಕೆರೆ ತುಂಬೋದು ಯಾವಾಗ್ಲೋ ಒಂದ್ಸಲ. ಮುದುಕರನ್ನ "ಯಾವ ಇಸವಿ" ಅಂತ ಕೇಳಿದ್ರೆ ಗೊತ್ತಿಲ್ಲ ಅಂತಾರೆ, "ಯಾವ ಕೆರೇಲಿ ಮುಳುಗಿದ್ರಿ, ಆ ವರ್ಷ ಕೋಡಿ ಹೋಗಿತ್ತಾ, ಮುಳುಗಿಸಿದ್ದು ಯಾರು" ಅಂತ ಕೇಳಿ, ಪಾಸ್ಟರ್ ಹೆಸರು ತಾನಾಗೇ ಬಾಯಿಗೆ ಬರುತ್ತೆ. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕೆರೆಗೆ ಬಿಡೋದು) ಬಂದ ಮೇಲಿನ ಲೆಕ್ಕ ಬೇರೆ ಬಿಡಿ, ಆ ನೀರಲ್ಲಿ ಮುಳುಗೋಕೆ ನಾನಂತೂ ಹೇಳಲ್ಲ.

ಪಹಣಿ_ಪಂಡಿತ:

ಎರಡೇ ಮಾತು. ಒಂದು, ಮದುವೆ ರಿಜಿಸ್ಟರ್. 1872ರ ಕ್ರಿಶ್ಚಿಯನ್ ಮದುವೆ ಕಾಯ್ದೆ ಪ್ರಕಾರ ಬಿಷಪ್ ಅಭಿಷೇಕ ಇಲ್ಲದ ಪಾಸ್ಟರ್‌ಗಳು ಮದುವೆ ಮಾಡಿಸ್ಬೇಕಾದ್ರೆ ಸರ್ಕಾರದ ಲೈಸೆನ್ಸ್ ಬೇಕು, ಅದು ಗೆಜೆಟ್ಟಲ್ಲಿ ಪ್ರಕಟ ಆಗುತ್ತೆ. ಹಂಗಾಗಿ ಸ್ವಾತಂತ್ರ್ಯ ಬಂದ ಮೇಲಿನ ಪಾಸ್ಟರ್‌ಗಳಿಗೆ ಹಳೇ ಗೆಜೆಟ್ ನೋಡಿ, ಊರಲ್ಲಿ ಹಳೇ ಮದುವೆ ಸರ್ಟಿಫಿಕೇಟ್ ಇರೋ ಮನೆಗಳಿಗೂ ಹೋಗಿ, ಕೆಳಗೆ ಸಹಿ ಯಾರ್ದು ಇಸವಿ ಯಾವ್ದು ಅಂತ ಬರ್ಕೊಂಡ್ರೆ ಕೂತಲ್ಲೇ ಅರ್ಧ ಲಿಸ್ಟ್ ರೆಡಿ. ಎರಡು, ಸಭೆ ಜಾಗದ ಕ್ರಯಪತ್ರ ಯಾರ ಹೆಸರಲ್ಲಿದೆ ನೋಡಿ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ. ಎಷ್ಟೋ ಕಡೆ ಆಗಿನ ಪಾಸ್ಟರ್ ಹೆಸರಲ್ಲೇ ಬರ್ಸಿರ್ತಾರೆ. ಚರಿತ್ರೆಗೂ ಆಯ್ತು, ನಾಳೆ ಅವ್ರ ಮೊಮ್ಮಕ್ಕಳು ಭಾಗ ಕೇಳ್ಕೊಂಡು ಬರೋ ಮುಂಚೆ ಗೊತ್ತಾದಂಗೂ ಆಯ್ತು.

ಬಂಗಾರಪೇಟೆ_ಪಕ್ಕದೂರು:

ಅಬ್ಬಾ ಇಷ್ಟೊಂದು ಬರುತ್ತೆ ಅಂದ್ಕೊಂಡಿರಲಿಲ್ಲ, ಥ್ಯಾಂಕ್ಸ್ ಎಲ್ರಿಗೂ. ಮದುವೆ ಸರ್ಟಿಫಿಕೇಟ್ ಐಡಿಯಾ ಚೆನ್ನಾಗಿದೆ, ನಮ್ಮ ದೊಡ್ಡಮ್ಮನ ಮನೆಯಿಂದಾನೇ ಶುರು ಮಾಡ್ತೀನಿ. ಬೈಬಲ್ ವುಮನ್ ವಿಷಯ ಹಿರಿಯರ ಮುಂದೆ ಇಟ್ಟೆ, ಬೋರ್ಡಲ್ಲಿ ಜಾಗ ಸಾಲಲ್ಲ ಅಂತಿದಾರೆ, ನೋಡೋಣ, ಪುಸ್ತಕ ಬರೆಯೋನು ನಾನೇ ತಾನೇ. ಆ ಕಲ್ಲಿನ ಪೇಂಟ್ ಕೆರೆದು ತೆಗೀಬಹುದಾ? ಥಿನ್ನರ್ ಹಾಕಿದ್ರೆ ಆಗುತ್ತಾ?

ಗುಬ್ಬಿ_ಕಡೆಯವ:

ಕೆರೀಬೇಡಿ ಮಾರಾಯ್ರೆ, ಪೇಂಟ್ ಜೊತೆ ಅಕ್ಷರಾನೂ ಬರುತ್ತೆ. ಮೊದ್ಲು ರಾತ್ರಿ ಹೋಗಿ ಲೈಟೆಲ್ಲಾ ಆಫ್ ಮಾಡಿ ಟಾರ್ಚನ್ನ ಕಲ್ಲಿಗೆ ಒರಗಿಸಿ ಪಕ್ಕದಿಂದ ಬಿಡಿ, ನೇರ ಅಲ್ಲ, ಪಕ್ಕದಿಂದ. ಕೆತ್ತಿದ ಅಕ್ಷರ ಆಗಿದ್ರೆ ತಗ್ಗಲ್ಲೆಲ್ಲಾ ನೆರಳು ಬಿದ್ದು ಕಾಣುತ್ತೆ. ನಾಲ್ಕು ಕಡೆಯಿಂದ್ಲೂ ಟಾರ್ಚ್ ಬಿಟ್ಟು ಒಂದೊಂದು ಫೋಟೋ ತೆಗೆದು ಇಲ್ಲಿ ಹಾಕಿ, ತೆಲುಗಿದ್ರೆ ಮಾರಿಕುಪ್ಪಂನೋರು ಓದ್ತಾರೆ.