ಜರ್ಮನಿಗೆ ನರ್ಸ್ ಕೆಲಸಕ್ಕೆ ಹೊರಟಿದ್ದೇನೆ, ಅಲ್ಲಿರುವವರು ಸ್ವಲ್ಪ ಹೇಳಿ

ಪೆರ್ಲದವಳು:
ಊರು ಕಾಸರಗೋಡಿನ ಪೆರ್ಲ. ಮಂಗಳೂರಿನಲ್ಲಿ ಐಸಿಯು ನರ್ಸ್ ಆಗಿದ್ದೇನೆ. ಜರ್ಮನ್ ಭಾಷೆಯ ಬಿ2 ಹಂತದ ಪರೀಕ್ಷೆ ಪಾಸಾಗಿ ವೀಸಾ ಬಂದಿದೆ. ನವೆಂಬರಿನಲ್ಲಿ ಹೊರಡಬೇಕು, ಅಲ್ಲಿನ ಬವೇರಿಯಾ ರಾಜ್ಯದ ಒಂದು ಸಣ್ಣ ಪೇಟೆಗೆ. ಗಂಡ ಮತ್ತು ಮಗ ಸದ್ಯಕ್ಕೆ ಊರಲ್ಲೇ ಇರುತ್ತಾರೆ. ಎಲ್ಲರೂ ಚಳಿಯ ಬಗ್ಗೆಯೇ ಹೇಳುತ್ತಾರೆ. ನನಗೆ ಹೆದರಿಕೆ ವಾರ್ಡಿನದು. ರೋಗಿಯ ಮಾತೇ ಅರ್ಥವಾಗದಿದ್ದರೆ? ಮತ್ತೆ, ಊರಿಂದ ಏನೆಲ್ಲ ಕಟ್ಟಿಕೊಂಡು ಹೋಗಬಹುದು?

ಮುಳ್ಳೇರಿಯ ಅಕ್ಕ:
ತಂಗೀ, ನಾನೂ ಇಲ್ಲಿ ನರ್ಸ್. ವಾರ್ಡಿನದೇ ಮೊದಲು ಹೇಳುತ್ತೇನೆ. ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು ನಮ್ಮಲ್ಲಿ ಹೆಚ್ಚಾಗಿ ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆ ನಿಲ್ಲುವವರ ಕೆಲಸ, ಅಲ್ವಾ? ಇಲ್ಲಿ ಬೈಸ್ಟ್ಯಾಂಡರ್ ಇರುವುದಿಲ್ಲ. ಅದೂ ನರ್ಸಿನ ಕೆಲಸವೇ. ನಿಮ್ಮ ಓದಿಗೆ ಇಲ್ಲಿನ ಮಾನ್ಯತೆ ಸಿಗುವವರೆಗೆ ಸಹಾಯಕಿಯಾಗಿಯೇ ಇಡುತ್ತಾರೆ, ಸಂಬಳವೂ ಅದಕ್ಕೆ ತಕ್ಕಂತೆ. ವೆಂಟಿಲೇಟರ್ ನೋಡಿಕೊಂಡ ಕೈಗೆ ಬೆಳಗ್ಗೆ ಬೆಳಗ್ಗೆ ಅಜ್ಜಂದಿರ ಬೆನ್ನು ತೊಳೆಯುವ ಕೆಲಸ ಬಂದಾಗ ಕಣ್ಣು ತುಂಬುತ್ತದೆ. ನನಗೂ ತುಂಬಿತ್ತು. ಆದರೆ ಆ ಹೊತ್ತಿನಲ್ಲೇ ಹಿಮ್ಮಡಿ ಕೆಂಪಾಗಿದೆಯಾ, ಸೊಂಟದ ಚರ್ಮ ಹೇಗಿದೆ, ಉಸಿರು ಏದುತ್ತಿದೆಯಾ ಅಂತ ನೋಡಿ ಬರೆದಿಡಬೇಕು. ಬೆಡ್‌ಸೋರ್ (ಮಲಗಿಯೇ ಇದ್ದು ಆಗುವ ಹುಣ್ಣು) ಶುರುವಾಗುವುದು ಕಣ್ಣಿಗೆ ಬೀಳುವುದು ಆಗಲೇ. ಇದು ಕೀಳು ಕೆಲಸ ಅಲ್ಲವೇ ಅಲ್ಲ. ಊರಲ್ಲಿ ಯಾರಾದರೂ ಹಾಗೆ ಅಂದರೆ ತಲೆಗೆ ಹಾಕಿಕೊಳ್ಳಬೇಡಿ.

ಮಾತಿನ ವಿಷಯ. ಕ್ಲಾಸಿನಲ್ಲಿ ಕಲಿತ ಜರ್ಮನ್ ಬೇರೆ, ಹಳ್ಳಿಯ ಅಜ್ಜಿ ಆಡುವ ಬವೇರಿಯನ್ ಬೇರೆ. ಮೊದಮೊದಲು ಅರ್ಧವೂ ತಿಳಿಯುವುದಿಲ್ಲ. ಆದರೆ ನಾವು ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು, ಆಫೀಸಿನಲ್ಲಿ ಮಲಯಾಳ ಅಂತ ಬೆಳೆದವರು. ಕಿವಿ ಬೇಗ ಪಳಗುತ್ತದೆ. ನಿಜವಾಗಿ ಜಾಗ್ರತೆ ಬೇಕಾದದ್ದು ಫೋನಿನಲ್ಲಿ ಬರುವ ಅಂಕಿಗಳಿಗೆ. ಇವರು 25ನ್ನು ಹೇಳುವಾಗ ಐದು ಮೊದಲು, ಇಪ್ಪತ್ತು ಆಮೇಲೆ. ಅವಸರದಲ್ಲಿ 52 ಅಂತ ಬರೆದರೆ ಡೋಸೇ ಬದಲಾಗುತ್ತದೆ. ಪ್ರತಿ ಸಲ ಒಂದೊಂದೇ ಅಂಕಿಯನ್ನು ಮತ್ತೊಮ್ಮೆ ಹೇಳಿ ಕೇಳಿಕೊಳ್ಳಿ. ಯಾರೂ ಬೇಜಾರು ಮಾಡುವುದಿಲ್ಲ.

ಇನ್ನೊಂದು, ಮನೆಗೆ ಹೋದ ದಿನವೇ ಲೆಟರ್ ಬಾಕ್ಸಿಗೆ ನಿಮ್ಮ ಹೆಸರು ಅಂಟಿಸಿ. ಟ್ಯಾಕ್ಸ್ ನಂಬರ್, ಬ್ಯಾಂಕ್ ಕಾರ್ಡ್, ಇನ್ಶೂರೆನ್ಸ್ ಎಲ್ಲ ಪೋಸ್ಟಿನಲ್ಲೇ ಬರುವುದು. ಹೆಸರು ಕಾಣದಿದ್ದರೆ ಕಾಗದ ವಾಪಸ್ ಹೋಗುತ್ತದೆ. ಎರಡು ವಾರದೊಳಗೆ ಅಲ್ಲಿನ ಮುನಿಸಿಪಾಲಿಟಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಓನರ್ ಸಹಿ ಹಾಕಿದ ಕಾಗದ ಬೇಕು, ಮೊದಲೇ ಕೇಳಿಡಿ.

ಉಪ್ಪಳದವ:
ತುಪ್ಪ, ಹಾಲಿನ ಸಿಹಿತಿಂಡಿ, ಮಾಂಸದ ಪದಾರ್ಥ ತರಬೇಡಿ, ಯುರೋಪಿನೊಳಗೆ ಬಿಡುವುದಿಲ್ಲ. ಹಸಿ ಕರಿಬೇವೂ ಬೇಡ. ಹಲಸಿನ ಹಪ್ಪಳ, ಒಣಗಿಸಿದ ಪುನರ್ಪುಳಿ, ಮಿಡಿ ಉಪ್ಪಿನಕಾಯಿ ತನ್ನಿ. ಕುಚ್ಚಲಕ್ಕಿಗೆ ಚಿಂತೆ ಇಲ್ಲ, ದೊಡ್ಡ ಪೇಟೆಗಳಲ್ಲಿ ಶ್ರೀಲಂಕಾ ತಮಿಳರ ಅಂಗಡಿ ಇದೆ. ಭಾನುವಾರ ಅಂಗಡಿಗಳೆಲ್ಲ ಬಂದ್. ಶನಿವಾರವೇ ಸಾಮಾನು ತಂದಿಡಿ.

ಬದಿಯಡ್ಕದಿಂದ:
ನನ್ನ ಹೆಂಡತಿ ಅಲ್ಲಿದ್ದಾಳೆ, ಮಗಳು ನನ್ನ ಜೊತೆ. ಚಳಿಗಾಲದಲ್ಲಿ ನಾವು ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ಚಳಿಗಾಲದಲ್ಲಿ ಅವಳ ಬೆಳಗ್ಗಿನ ಡ್ಯೂಟಿ ಎರಡಕ್ಕೆ ಮುಗಿದರೆ ಇಲ್ಲಿ ಸಂಜೆ ಆರೂವರೆ. ಊಟ ಆಯ್ತಾ, ಓದಿದ್ದೀಯಾ ಅಂತ ಕೇಳಿದರೆ ಮಗಳು ಎದ್ದು ಓಡುತ್ತಾಳೆ. ಹಾಗಾಗಿ ಫೋನನ್ನು ಮೇಜಿನ ಮೇಲೆ ನಿಲ್ಲಿಸಿ, ಅಮ್ಮನ ಎದುರೇ ಕಾಪಿ ಬರೆಯಲು ಕೂರಿಸುತ್ತೇನೆ. ಅವಳು ಅಲ್ಲಿ ಅಡುಗೆ ಮಾಡುತ್ತಾ ಅಕ್ಷರ ತಿದ್ದುತ್ತಾಳೆ. ನಿಮ್ಮ ಯಜಮಾನರಿಗೂ ಹೇಳಿ.

ಪೆರ್ಲದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ಮಾನ್ಯತೆಗೆ ಪರೀಕ್ಷೆ ಒಳ್ಳೆಯದಾ, ಅಲ್ಲ ತರಬೇತಿಯಾ?

ಮುಳ್ಳೇರಿಯ ಅಕ್ಕ:
ಪರೀಕ್ಷೆಯಲ್ಲಿ ಬಾಯಿಮಾತಿನದೂ ಇದೆ, ರೋಗಿಯ ಹತ್ತಿರ ನಿಂತು ಮಾಡಿ ತೋರಿಸುವುದೂ ಇದೆ. ತರಬೇತಿಯಲ್ಲಿ ಬೇರೆ ಬೇರೆ ವಾರ್ಡಿನಲ್ಲಿ ಕೆಲಸ ಮಾಡುತ್ತಾ ಕಲಿಯಬಹುದು. ಮಾತಿನದೇ ಹೆದರಿಕೆ ಇದ್ದರೆ ತರಬೇತಿಯನ್ನೇ ಕೇಳಿ. ನಾನು ಅದನ್ನೇ ಮಾಡಿದ್ದು.