ಕಸ್ಟಮ್ ಹೌಸ್‌ನಿಂದ ಕ್ಯಾನರಿ ವಾರ್ಫ್: ಡಿಎಲ್‌ಆರ್‌ನಲ್ಲಿ ದುಡ್ಡು ಯಾಕೆ ಜಾಸ್ತಿ ಹೋಗುತ್ತಿದೆ?

ಹೊಸಬಳು_ಈಸ್ಟ್‌ಲಂಡನ್

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಲಂಡನ್ನಿಗೆ ಬಂದು ಮೂರು ವಾರ ಆಯಿತು. ಮನೆ ಕಸ್ಟಮ್ ಹೌಸ್ ಹತ್ತಿರ, ಆಫೀಸು ಕ್ಯಾನರಿ ವಾರ್ಫ್. ದಿನಾ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ ಅನ್ನುವ ಪುಟ್ಟ ರೈಲು) ಹತ್ತಿ, ಪಾಪ್ಲರ್‌ನಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯುತ್ತೇನೆ. ನಿನ್ನೆ ಬ್ಯಾಂಕ್ ಆಪ್ ತೆಗೆದು ನೋಡಿದರೆ ಒಂದು ದಿನ ಒಂದು ಮೊತ್ತ, ಇನ್ನೊಂದು ದಿನ ಅದಕ್ಕಿಂತ ಎಷ್ಟೋ ಜಾಸ್ತಿ! ಬೆಂಗಳೂರು ಮೆಟ್ರೋದಲ್ಲಿ ಗೇಟ್ ಇರುತ್ತದೆ, ಕಾರ್ಡ್ ಮುಟ್ಟಿಸದೆ ಹೊರಗೆ ಬರೋಕೇ ಆಗಲ್ಲ. ಇಲ್ಲಿ ಗೇಟೇ ಇಲ್ಲ, ಸುಮ್ನೆ ಒಂದು ಹಳದಿ ರೀಡರ್. ಸಂಜೆ ಸುಸ್ತಾಗಿ ಜನರ ಜೊತೆ ಹೊರಗೆ ನಡೆದುಬಿಡುತ್ತೇನೆ, ಟ್ಯಾಪ್ ಮಾಡಿದೆನೋ ಇಲ್ಲವೋ ಅಂತ ಮನೆಗೆ ಬಂದ ಮೇಲೆ ಅನುಮಾನ. ಪಾಪ್ಲರ್‌ನಲ್ಲೂ ಟ್ಯಾಪ್ ಮಾಡಬೇಕಾ? ಎಲಿಜಬೆತ್ ಲೈನ್ ಅನ್ನುವ ಇನ್ನೊಂದು ರೈಲು ಹಿಡಿದರೆ ಒಂದೇ ಸ್ಟಾಪ್ ಅಂತ ಆಫೀಸಿನಲ್ಲಿ ಹೇಳಿದರು, ಅದೇ ಒಳ್ಳೆಯದಾ?

ತುಮಕೂರು_ಟು_ಪಾಪ್ಲರ್

ಮೇಡಂ, ಪಾಪ್ಲರ್‌ನಲ್ಲಿ ಟ್ಯಾಪ್ ಮಾಡಲೇಬೇಡಿ. ಮಾಡಿದರೆ ಪ್ರಯಾಣ ಅಲ್ಲಿಗೇ ಮುಗಿಯಿತು ಅಂತ ಲೆಕ್ಕ. ಹತ್ತುವಾಗ ಕಸ್ಟಮ್ ಹೌಸ್‌ನಲ್ಲಿ ಒಂದು ಸಲ, ಕ್ಯಾನರಿ ವಾರ್ಫ್‌ನಲ್ಲಿ ಇಳಿದ ಮೇಲೆ ಒಂದು ಸಲ, ಅಷ್ಟೇ. ಇಳಿದಾಗ ಮರೆತರೆ ನೀವು ಎಲ್ಲಿಗೆ ಹೋದಿರಿ ಅಂತ ಅವರಿಗೆ ಗೊತ್ತಾಗಲ್ಲ, ಅದಕ್ಕೇ ಅತಿ ಹೆಚ್ಚಿನ ದರ ಕತ್ತರಿಸುತ್ತಾರೆ. ನಿಮಗೆ ಆಗಿರೋದು ಇದೇ ಇರಬೇಕು.

ಇನ್ನೊಂದು ವಿಷಯ ಇದೆ, ಹೊಸದಾಗಿ ಬಂದವರು ಬಹಳ ಜನ ಇದರಲ್ಲೇ ಎಡವುತ್ತಾರೆ. ಬೆಳಗ್ಗೆ ಕಾರ್ಡ್ ಮುಟ್ಟಿಸಿ ಹತ್ತಿ, ಇಳಿಯುವಾಗ ಕೈಯಲ್ಲಿ ಫೋನ್ ಇದೆ ಅಂತ ಫೋನ್ ಮುಟ್ಟಿಸಿದರೆ, ಎರಡೂ ಒಂದೇ ಬ್ಯಾಂಕ್ ಖಾತೆಯದ್ದೇ ಆಗಿದ್ದರೂ ಅವು ಬೇರೆ ಬೇರೆ ಅಂತಲೇ ಲೆಕ್ಕ, ಎರಡು ಅರ್ಧಂಬರ್ಧ ಪ್ರಯಾಣ ಆಗಿ ಎರಡಕ್ಕೂ ದುಡ್ಡು ಹೋಗುತ್ತದೆ. ಒಂದನ್ನೇ ಹಿಡಿದುಕೊಳ್ಳಿ. ಸೋಮವಾರದಿಂದ ಭಾನುವಾರದ ತನಕ ಇಷ್ಟಕ್ಕಿಂತ ಜಾಸ್ತಿ ತೆಗೆಯಲ್ಲ ಅನ್ನುವ ವಾರದ ಮಿತಿ ಇದೆ, ಅದರ ಲಾಭ ಸಿಗೋದೂ ಒಂದನ್ನೇ ಬಳಸಿದರೆ ಮಾತ್ರ.

ಬ್ಯಾಂಕ್ ಆಪ್‌ನಲ್ಲಿ ಇಡೀ ದಿನದ ಒಟ್ಟು ಮೊತ್ತ ಮಾತ್ರ ಕಾಣುತ್ತದೆ. ಲಂಡನ್ ಸಾರಿಗೆ ಸಂಸ್ಥೆ ಟಿಎಫ್‌ಎಲ್‌ನ ಸೈಟಿನಲ್ಲಿ ಖಾತೆ ತೆರೆದು ಕಾರ್ಡ್ ಸೇರಿಸಿ. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ, ಯಾವುದು ಅಪೂರ್ಣ, ಎಲ್ಲಾ ಇರುತ್ತದೆ. ಅಲ್ಲೇ ವಾಪಸ್ ಕೇಳಬಹುದು. ಇವತ್ತೇ ಮಾಡಿ.

ಹತ್ತುವಾಗ ಮಾತ್ರ ಯಾವತ್ತೂ ಮರೆಯಬೇಡಿ. ಗಾಡಿಯೊಳಗೆ ಚೆಕಿಂಗ್‌ಗೆ ಬರುತ್ತಾರೆ. ದಂಡ 100 ಪೌಂಡ್, 21 ದಿನದೊಳಗೆ ಕಟ್ಟಿದರೆ 50.

ಬೆಕ್ಟನ್_ಅಮ್ಮ

ಎಲಿಜಬೆತ್ ಲೈನ್ ಬೇಗ, ನಿಜ. ಆದರೆ ಅದರ ಕ್ಯಾನರಿ ವಾರ್ಫ್ ಸ್ಟೇಷನ್ ಬೇರೆ, ಆಳದಲ್ಲಿದೆ, ಎಸ್ಕಲೇಟರ್ ಹತ್ತಿ ಮೇಲೆ ಬಂದು ಮತ್ತೆ ನಡೆಯಬೇಕು. ಆಫೀಸು ಹೆರಾನ್ ಕೀಸ್ ಕಡೆ ಇದ್ದರೆ ಉಳಿಸಿದ ಸಮಯ ಅಲ್ಲೇ ಹೋಯಿತು. ಆ ಸ್ಟೇಷನ್ ಪಕ್ಕದಲ್ಲೇ ಆಫೀಸು ಅಂದರೆ ಯೋಚನೆ ಬೇಡ, ಅದನ್ನೇ ಹಿಡಿಯಿರಿ.

ನನಗೆ ಡಿಎಲ್‌ಆರ್ ಅಂದರೆ ಪ್ರೀತಿ. ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಓಡಾಡಿದ ಎರಡು ವರ್ಷ ನನ್ನ ಕೈ ಹಿಡಿದದ್ದು ಇದೇ, ಯಾವ ಸ್ಟೇಷನ್‌ನಲ್ಲೂ ಮೆಟ್ಟಿಲ ಕಾಟ ಇಲ್ಲ, ಲಿಫ್ಟೋ ಇಳಿಜಾರೋ ಇದ್ದೇ ಇರುತ್ತದೆ. ಡ್ರೈವರ್ ಕೂರುವ ಕೋಣೆ ಇಲ್ಲದ್ದರಿಂದ ಮುಂದಿನ ಸೀಟು ನಮ್ಮದೇ! ಈಗ ಮಗನಿಗೆ ಐದು ವರ್ಷ, ಆ ಸೀಟು ಸಿಗದಿದ್ದರೆ ಮುಂದಿನ ಗಾಡಿಗೆ ಕಾಯೋಣ ಅಂತಾನೆ, ಪುರುಸೊತ್ತಿದ್ದರೆ ನಾನೂ ಕಾಯುತ್ತೇನೆ. 1987ರಲ್ಲಿ 15 ಸ್ಟೇಷನ್ ಇಟ್ಟುಕೊಂಡು ಶುರುವಾದದ್ದು, ಈಗ 45. ಹಡಗುಕಟ್ಟೆ ಮುಚ್ಚಿ ಹಾಳುಬಿದ್ದಿದ್ದ ಈ ಕಡೆಗೆ ಜನ ಬಂದು ನೆಲೆಸಿದ್ದರಲ್ಲಿ ಈ ಪುಟ್ಟ ರೈಲಿನ ಪಾಲು ದೊಡ್ಡದು.

ಹೊಸಬಳು_ಈಸ್ಟ್‌ಲಂಡನ್

ತುಂಬಾ ಥ್ಯಾಂಕ್ಸ್. ಖಾತೆ ತೆರೆದು ನೋಡಿದೆ. ಎರಡು ದಿನ ಸಂಜೆ ಕಸ್ಟಮ್ ಹೌಸ್‌ನಲ್ಲಿ ಟ್ಯಾಪ್ ಮಾಡಿಲ್ಲ, ಇನ್ನೊಂದು ದಿನ ಕಾರ್ಡ್-ಫೋನ್ ಅದಲುಬದಲು. ಮೂರಕ್ಕೂ ಅರ್ಜಿ ಹಾಕಿದೆ. ಆಫೀಸು ಹೆರಾನ್ ಕೀಸ್ ಹತ್ತಿರವೇ, ಹಾಗಾಗಿ ಡಿಎಲ್‌ಆರ್‌ನಲ್ಲೇ ಹೋಗುತ್ತೇನೆ. ವಾಪಸ್ ಬರುವಾಗ ಪಾಪ್ಲರ್‌ನಲ್ಲಿ ವುಲಿಚ್ ಆರ್ಸೆನಲ್ ಅನ್ನುವ ಬೋರ್ಡಿನ ಗಾಡಿ ಬಂದರೆ ಬಿಟ್ಟುಬಿಡಬೇಕಾ?

ತುಮಕೂರು_ಟು_ಪಾಪ್ಲರ್

ಬಿಡಬೇಕಿಲ್ಲ. ಕ್ಯಾನಿಂಗ್ ಟೌನ್ ತನಕ ಅದೂ ನಿಮ್ಮ ಬೆಕ್ಟನ್ ಗಾಡಿಯೂ ಒಂದೇ ದಾರಿ, ಅಲ್ಲಿಂದ ಆಚೆ ಕವಲು. ವುಲಿಚ್ ಗಾಡಿ ಹತ್ತಿದ್ದರೆ ಕ್ಯಾನಿಂಗ್ ಟೌನ್‌ನಲ್ಲಿ ಇಳಿದು ಬೆಕ್ಟನ್ ಅಂತ ಇರೋದನ್ನು ಹಿಡಿಯಿರಿ. ನಿದ್ದೆ ಹೋದರೆ ಮಾತ್ರ ಏರ್‌ಪೋರ್ಟ್ ಕಡೆ ಹೋಗಿಬಿಡುತ್ತೀರಿ. ಯಾವತ್ತಾದರೂ ಡಿಎಲ್‌ಆರ್ ಕೆಟ್ಟು ನಿಂತರೆ ಕ್ಯಾನಿಂಗ್ ಟೌನ್‌ನಿಂದ ಕ್ಯಾನರಿ ವಾರ್ಫ್‌ಗೆ ಜುಬಿಲಿ ಲೈನ್ ಮೆಟ್ರೋ ಇದೆ, ಎರಡನೇ ಸ್ಟಾಪ್.

ಬೆಕ್ಟನ್_ಅಮ್ಮ

ಮತ್ತೆ, ನಿಮ್ಮ ಸ್ಟೇಷನ್ ಎದುರಿಗೇ ಎಕ್ಸೆಲ್ ಪ್ರದರ್ಶನ ಕೇಂದ್ರ ಇದೆಯಲ್ವಾ, ಅಲ್ಲಿ ದೊಡ್ಡ ಕಾರ್ಯಕ್ರಮ ಇದ್ದ ದಿನ ಪ್ಲಾಟ್‌ಫಾರ್ಮ್ ತುಂಬಿ ತುಳುಕುತ್ತದೆ. ಅಂಥ ದಿನ ಹಿಂದಿನ ಸ್ಟಾಪ್ ಪ್ರಿನ್ಸ್ ರೀಜೆಂಟ್‌ಗೆ ನಡೆದು ಅಲ್ಲಿ ಹತ್ತಿ. ಎಕ್ಸೆಲ್‌ನ ಇನ್ನೊಂದು ತುದಿಗೇ ಇದೆ. ಗಾಡಿ ಬೆಕ್ಟನ್ ಕಡೆಯಿಂದ ಬರೋದರಿಂದ ಒಂದು ಸ್ಟಾಪ್ ಮೊದಲೇ ಒಳಗೆ ಇರುತ್ತೀರಿ, ಬಹಳ ಸಲ ಕೂರೋಕೂ ಜಾಗ ಸಿಕ್ಕಿದೆ ನನಗೆ.