ಪದಚರ್ಚೆ: ಮಳೆಗಾಲದಲ್ಲಿ ಕಾರಿಗೆ ಹಿಡಿಯುವುದು ಬೂಷ್ಟೋ, ಪಾಚಿಯೋ, ಕೊಳೆಯೋ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಕಡೆ ವಾಟರ್ ಸರ್ವಿಸ್ ಇಟ್ಟಿರುವ ಹುಡುಗನೊಬ್ಬ ಗಿರಾಕಿಗಳಿಗೆ ಹಂಚಲು ಒಂದು ಪುಟ ಕನ್ನಡದಲ್ಲಿ ಬರೆದುಕೊಡಿ ಅಂತ ಕೇಳಿದ್ದಾನೆ. ಆರಿದ್ರೆಯಿಂದ ಮಘೆ ಮಳೆಯವರೆಗೆ ಕೊಟ್ಟಿಗೆ ಮಾಡಿನಡಿ ಅಲುಗಾಡದೆ ನಿಂತ ಕಾರನ್ನು ಮತ್ತೆ ಹತ್ತುವ ಹಾಗೆ ಮಾಡುವುದು ಹೇಗೆ ಎಂಬುದು ವಿಷಯ. ಯಜಮಾನರು ಬೆಂಗಳೂರಲ್ಲಿ, ಕಾರು ಊರಲ್ಲಿ. ಇಂಥವು ನಮ್ಮಲ್ಲಿ ಬೇಕಾದಷ್ಟಿವೆ. ಬರೆಯಲು ಕೂತರೆ ಮೊದಲ ಸಾಲಿಗೇ ಪದದ ತೊಡಕು.

'ಶಿಲೀಂಧ್ರ' ಪಾಠಪುಸ್ತಕಕ್ಕೆ ಸರಿ. ಸೀಟಿಗೆ ಶಿಲೀಂಧ್ರ ಹಿಡಿದಿದೆ ಅಂತ ಮಲೆನಾಡಿನಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಸೀಟು, ಸ್ಟೇರಿಂಗ್, ಬೆಲ್ಟಿನ ಮೇಲೆ ಬೂದಿ ಎರಚಿದ ಹಾಗೆ ಬೆಳ್ಳಗೆ ಕೂರುವುದು ಬೂಷ್ಟು. ಬೂಸು, ಬೂಜು ಅನ್ನುವವರೂ ಇದ್ದಾರೆ. ತೆಲುಗಿನ ಬೂಜಿಗೆ ಜೇಡರ ಬಲೆ ಎಂಬ ಅರ್ಥವೂ ಉಂಟು. ಉಪ್ಪಿನಕಾಯಿಗೂ ಚರ್ಮದ ಚಪ್ಪಲಿಗೂ ಹಿಡಿಯುವುದು ಇದೇ ಆದ್ದರಿಂದ 'ಬೂಷ್ಟು' ಎಂದೇ ಬರೆದೆ.

ಕಿಟಕಿಯ ರಬ್ಬರ್ ಬೀಡಿಂಗಿನಲ್ಲಿ, ವೈಪರ್ ಬುಡದಲ್ಲಿ ಕಾಣುವ ಹಸಿರು ಬೇರೆ, ಅದು ಪಾಚಿ. ಪಾಚಿಗೆ ಬೆಳಕು ಬೇಕು. ಬೂಷ್ಟಿಗೆ ಬೇಡ, ತೇವದ ಜೊತೆ ಬೆವರಿನ ಜಿಡ್ಡೋ ಚೆಲ್ಲಿದ ಹಾಲೋ ಇದ್ದರೆ ಸಾಕು. ತೆಗೆಯುವ ಕ್ರಮವೂ ಬೇರೆಯೇ. ಪಾಚಿಯನ್ನು ಶಾಂಪೂ ನೀರಲ್ಲಿ ನೆನೆಸಿ ಹಳೇ ಹಲ್ಲಿನ ಬ್ರಷ್ಷಿನಿಂದ ತಿಕ್ಕಬಹುದು. ಬೂಷ್ಟನ್ನು ಹಾಗೆ ಒದ್ದೆಬಟ್ಟೆಯಲ್ಲಿ ಒರೆಸಿದರೆ ಬೀಜಕಣ ಸೀಟಿಗೆಲ್ಲ ಹರಡುತ್ತದೆ. ಬಾಗಿಲೆಲ್ಲ ತೆಗೆದು ಬಿಸಿಲಿಗೆ ನಿಲ್ಲಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣಗಿದ್ದನ್ನು ವ್ಯಾಕ್ಯೂಮಿನಲ್ಲಿ ಎಳೆದು, ಆಮೇಲೆ ಬಿಳಿ ವಿನೆಗರಿನಲ್ಲಿ ಒರೆಸಿ ಮತ್ತೆ ಒಣಗಿಸಬೇಕು. ಕಾಲಡಿಯ ಕಾರ್ಪೆಟ್ ಎತ್ತದೆ ಬಿಟ್ಟರೆ ಅದರಡಿಯ ತೇವದಿಂದ ಪುನಃ ಬರುತ್ತದೆ. ಬೆಲ್ಟಿಗೆ ಬ್ಲೀಚ್ ತಾಗಿಸಬಾರದು, ನೂಲಿನ ಬಲ ಹೋಗುತ್ತದೆ. ಬ್ಲೀಚಿಗೆ ವಿನೆಗರ್ ಬೆರೆತರಂತೂ ಕ್ಲೋರಿನ್ ಅನಿಲ ಏಳುತ್ತದೆ. ಪಾಚಿ, ಬೂಷ್ಟು ಎರಡಕ್ಕೂ ಒಂದೇ ಪದ ಹಾಕಿದರೆ ಓದಿದವರು ತಪ್ಪು ಕೆಲಸ ಮಾಡಿಯಾರು ಎಂಬುದೇ ನನ್ನ ಚಿಂತೆ.

ಪಾಚಿ, ಪಚ್ಚೆ ಒಂದೇ ಬೇರಿನವು. 'ಹಾವಸೆ'ಯೂ ಆ ಬಳಗದ್ದೇ, ಹಳಗನ್ನಡದ 'ಪಾಲ್' 'ಹಾಲು' ಆದ ದಾರಿಯಲ್ಲೇ ಪಕಾರ ಹಕಾರವಾಗಿದೆ. ಆದರೆ ಹಾವಸೆ ಎಂದರೆ ನನಗೆ ಕೆರೆಯ ಮೆಟ್ಟಿಲೇ ಕಣ್ಣಿಗೆ ಬರುತ್ತದೆ, ಕಾರಿಗೆ ಒಗ್ಗಲಿಲ್ಲ.

ಬ್ಯಾಟರಿಯ ತುದಿಗೆ ಹಿಡಿಯುವ ನೀಲಿ-ಹಸಿರು ಪುಡಿಗೆ ಹುಡುಗ ತುಕ್ಕು ಅಂದ. ತುಕ್ಕು ಕಬ್ಬಿಣದ್ದು, ತಾಮ್ರ, ಹಿತ್ತಾಳೆಗೆ ಹಿಡಿಯುವುದು ಕಿಲುಬು. ಅದನ್ನು ತಿದ್ದಿದೆ. ಏಸಿ ಹಾಕಿದ ಕೂಡಲೇ ಬರುವುದು ಮುಗ್ಗಲು ವಾಸನೆ, ಅಕ್ಕಿ ಮುಗ್ಗುವುದೂ ಅದೇ. ಕಮಟು ಎಂಬುದು ಹಳೇ ಎಣ್ಣೆಯದು, ಇಲ್ಲಿ ಸಲ್ಲದು.

ಹೆಚ್ಚು ಕಾಡಿದ್ದು 'ಕೊಳೆ'. ಬಯಲುಸೀಮೆಯವರಿಗೆ ಕೊಳೆ ತೊಳೆದರೆ ಹೋಗುವಂಥದ್ದು. ಅಡಿಕೆ ತೋಟ ಇರುವವರ ಮನೆಯಲ್ಲಿ "ಕೊಳೆ ಬಂತು" ಅಂದರೆ ಮಳೆಗೆ ಅಡಿಕೆಕಾಯಿ ಕೊಳೆತು ಉದುರುವ ರೋಗ, ಆ ವರ್ಷದ ಫಸಲಿನ ಮಾತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗಲೂ 'ಕೊಳೆರೋಗ' ಎಂಬ ಹೆಸರನ್ನೇ ಉಳಿಸಿಕೊಂಡರು. ಕಾಫಿ ಗಿಡದ ಕೊಳೆರೋಗದ ಶಿಲೀಂಧ್ರಕ್ಕೆ ಇಟ್ಟ ವೈಜ್ಞಾನಿಕ ಹೆಸರಿನಲ್ಲೂ ಈ ಕನ್ನಡ ಪದವಿದೆ. ಇಷ್ಟು ತೂಕದ ಪದವನ್ನು ಬಾಗಿಲ ಹಿಡಿಯ ಅಂಟಿಗೆ ಬಳಸಲು ಮನಸ್ಸು ಬಾರದೆ, ಅಲ್ಲಿ 'ಜಿಡ್ಡು', ಚಕ್ರದ ಮೇಲ್ಗಡೆ 'ಕೆಸರು' ಎಂದು ಬೇರೆಬೇರೆ ಬರೆದಿದ್ದೇನೆ. ಶಿವಮೊಗ್ಗ ಪೇಟೆಯವರು ಇದನ್ನು ಅತಿಯಾಯಿತು ಅನ್ನುತ್ತೀರಾ?

ಇನ್ನು ನಿಜವಾಗಿ ಪದ ಬೇಕಾಗಿರುವುದು ಒಂದಕ್ಕೆ. ಸೀಟ್ ಕವರಿನ ನೂಲಿನೊಳಕ್ಕೇ ಇಳಿದ, ತಿಕ್ಕಿದರೂ ಬಿಸಿಲಿಗೆ ಹಾಕಿದರೂ ಹೋಗದ ಸಣ್ಣ ಕರಿಚುಕ್ಕೆಗಳು. ಮಳೆಗಾಲದಲ್ಲಿ ಪಂಚೆ, ಟವೆಲಿಗೂ ಬರುತ್ತವಲ್ಲ, ಅವೇ. ಮಲಯಾಳದಲ್ಲಿ ಇದಕ್ಕೆಂದೇ 'ಕರಿಂಬನ್' ಎಂಬ ಪದವಿದೆ. 'ಕರೆ' ಅಂದರೆ ಬಾಳೆಯ ಕರೆಯೂ ಅಡಿಕೆಯ ಕರೆಯೂ ಆಗುತ್ತದೆ, ಬೆಳೆಯುತ್ತಾ ಹೋಗುವ ಚುಕ್ಕೆ ಅನಿಸುವುದಿಲ್ಲ. ಸಾಗರ, ಹೊಸನಗರ, ಶೃಂಗೇರಿ, ಕೊಪ್ಪದ ಕಡೆಯವರು, ಹವ್ಯಕರ ಮನೆಯವರು, ದೀವರ ಮನೆಯವರು ಇದಕ್ಕೆ ಏನೆನ್ನುತ್ತೀರಿ? ಬಟ್ಟೆ ಒಗೆಯುವಾಗ ಮನೆಯ ಹಿರಿಯರು ಆಡುವ ಇಡೀ ವಾಕ್ಯವನ್ನೇ ಊರಿನ ಹೆಸರಿನ ಜೊತೆ ಬರೆದರೆ ಉಪಕಾರ. ಪುಟ ಅಚ್ಚಿಗೆ ಹೋಗುವ ಮುಂಚೆ ಸೇರಿಸುತ್ತೇನೆ.